ಗೀಸರ್ ಕಾಯಿಲ್ ಸರಿಯಾಗೇ ಐತೆ ಅಂತ ತೋರಿಸಿದ ಕ್ಲಾಂಪ್ ಮೀಟರ್

ತುಮಕೂರು ಅಶೋಕ ರೋಡಿನ ಒಂದು ಎಲೆಕ್ಟ್ರಿಕಲ್ ಅಂಗಡಿಲಿ 1,850 ರೂಪಾಯಿ ಕೊಟ್ಟು, ವೈರ್ ಬಿಚ್ಚದೆ ಅದರ ಸುತ್ತ ದವಡೆ ಹಾಕಿ ಕರೆಂಟ್ ಅಳೆಯೋ ಈ ಕ್ಲಾಂಪ್ ಮೀಟರ್ ತಗೊಂಡೆ, ಈಗ ಎಂಟು ತಿಂಗಳಾಯ್ತು. ನಾನು ಎಲೆಕ್ಟ್ರಿಷಿಯನ್ ಅಲ್ಲ, ಗುಬ್ಬಿ ಕಡೆ ತೋಟ ಮನೆ ಇರೋನು, ಆದ್ರೂ ಮನೇಲಿ ಒಂದು ಇಂಥದ್ದು ಇರಲೇಬೇಕು ಅಂತ ಈಗ ಕಂಡೋರಿಗೆಲ್ಲ ಹೇಳ್ತಾ ಇದೀನಿ.

ತಗೊಂಡಿದ್ದು ಗೀಸರ್ ಕಾಟಕ್ಕೆ. 15 ಲೀಟರ್, 2000 ವ್ಯಾಟ್‌ದು. ಸಂಜೆ ಹೊತ್ತು ನೀರು ಕಾಯೋಕೆ ಅರ್ಧ ಗಂಟೆ ಮೇಲೇ ಆಗ್ತಿತ್ತು. ನೋಡೋಕೆ ಬಂದಿದ್ದ ರಿಪೇರಿಯವರು ಕಾಯಿಲ್ ವೀಕ್ ಆಗಿದೆ ಸರ್ ಹೊಸದು ಹಾಕ್ಬೇಕು ಅಂತ ದೊಡ್ಡ ರೇಟೇ ಹೇಳಿದ್ರು, ನಂಗೆ ಯಾಕೋ ಮನಸ್ಸು ಒಪ್ಪಲಿಲ್ಲ. ಮಗಳು ಹತ್ತನೇ ಕ್ಲಾಸು, ವಿಜ್ಞಾನದ ಪುಸ್ತಕದಲ್ಲಿ ವಿಭವಾಂತರ (ಅಂದ್ರೆ ವೋಲ್ಟೇಜ್), ರೋಧ (ಕರೆಂಟಿಗೆ ಆಗೋ ಅಡ್ಡಿ) ಅಂತ ಓಮನ ನಿಯಮ ಓದ್ತಾ ಇದ್ಲು. ವೋಲ್ಟನ್ನ ಆಂಪಿಯರಿಂದ ಭಾಗಿಸಿದ್ರೆ ಓಮ್, ವೋಲ್ಟಿಗೆ ಆಂಪಿಯರ್ ಗುಣಿಸಿದ್ರೆ ವ್ಯಾಟ್, ಅಷ್ಟೇ ಅಪ್ಪ ಅಂದ್ಲು. ಸರಿ, ಮೀಟರ್ ತಂದು ಇಬ್ರೂ ಕೂತ್ವಿ.

230 ವೋಲ್ಟಲ್ಲಿ 2000 ವ್ಯಾಟ್ ಅಂದ್ರೆ 8.7 ಆಂಪ್ಸ್ ಎಳೀಬೇಕು, ಕಾಯಿಲ್ ರೋಧ 26.5 ಓಮ್ ಹತ್ರ ಬರಬೇಕು. ಎಂಸಿಬಿ (ಬೋರ್ಡಲ್ಲಿರೋ ಬ್ರೇಕರ್ ಸ್ವಿಚ್ಚು) ಆಫ್ ಮಾಡಿ, ಗೀಸರ್ ವೈರ್ ಬಿಚ್ಚಿ ಅಳೆದ್ರೆ 26.6. ಕಾಯಿಲ್ ಹೊಸದರಂಗೇ ಐತೆ! (ಕರೆಂಟ್ ಇರೋವಾಗ ಓಮ್ ಸೆಟ್ಟಿಂಗಲ್ಲಿ ಪ್ರೋಬ್, ಅಂದ್ರೆ ಮೀಟರ್ ವೈರಿನ ಚೂಪು ತುದಿ, ಇಡಲೇಬೇಡಿ, ಮೀಟರ್ರೂ ಹೋಗುತ್ತೆ, ಕೈನೂ ಹೋಗಬಹುದು.) ಆಮೇಲೆ ವೈರ್ ವಾಪಸ್ ಹಾಕಿ ಗೀಸರ್ ಓಡಿಸಿ ಕ್ಲಾಂಪ್ ಹಾಕಿದ್ರೆ ಬರೀ 7.1 ಆಂಪ್ಸ್. ಅದೇ ಲೈನಿನ ಪಕ್ಕದ ಸಾಕೆಟ್ಟಲ್ಲಿ ವೋಲ್ಟೇಜ್ ನೋಡಿದ್ರೆ 189. ಗುಣಿಸಿದ್ರೆ 1342 ವ್ಯಾಟ್. ಎರಡು ಸಾವಿರದ ಗೀಸರ್ ಮೂರನೇ ಎರಡು ಪಾಲು ಕೆಲಸ ಮಾಡ್ತಾ ಇದ್ರೆ ನೀರು ಎಲ್ಲಿಂದ ಬೇಗ ಕಾಯುತ್ತೆ ಹೇಳಿ.

ಇಲ್ಲೇ ನಂಗೆ ಆಶ್ಚರ್ಯ ಆಗಿದ್ದು. ಗೀಸರ್ ಆಫ್ ಇದ್ದಾಗ ಮೇನ್ ಬೋರ್ಡಲ್ಲೂ 207, ಸಾಕೆಟ್ಟಲ್ಲೂ 207, ಏನೂ ತೊಂದ್ರೆ ಇಲ್ಲ ಅನ್ಸುತ್ತೆ. ಆನ್ ಮಾಡಿದ ತಕ್ಷಣ ಬೋರ್ಡಲ್ಲಿ 205, ಸಾಕೆಟ್ಟಲ್ಲಿ 189. ಮಧ್ಯ 16 ವೋಲ್ಟ್ ಮಾಯ. ಕರೆಂಟ್ ಹರಿದಾಗ ಮಾತ್ರ ಈ ಕಳ್ಳ ಸಿಗೋದು, ಅದಕ್ಕೇ ಟೆಸ್ಟರ್ ಇಟ್ಟು ನೋಡಿದೋರಿಗೆ ಯಾರಿಗೂ ಸಿಕ್ಕಿರಲಿಲ್ಲ. 16ನ್ನ 7.1ರಿಂದ ಭಾಗಿಸಿದ್ಲು ಮಗಳು, 2.25 ಓಮ್. ದಾರೀಲಿ ಸುಮ್ನೆ ಸುಡ್ತಾ ಇರೋದು 113 ವ್ಯಾಟ್. ವೈರ್ ಒಂದು ಸ್ಕ್ವೇರ್ ಎಂಎಂದು, ಹೋಗಿ ಬಂದು 50 ಮೀಟರ್, ಅದರ ಲೆಕ್ಕ 0.9 ಓಮೇ ಆಗೋದು. ಉಳಿದ ಒಂದೂ ಕಾಲು ಓಮ್ ಚಿಲ್ಲರೆ ಎಲ್ಲೈತೆ ಅಂತ ಹುಡುಕ್ತಾ ಹೋದ್ರೆ ಅಟ್ಟದ ಮೇಲಿನ ಜಂಕ್ಷನ್ ಬಾಕ್ಸಲ್ಲಿ ವೈರ್ ಬರೀ ತಿರುಚಿ ಟೇಪ್ ಸುತ್ತಿದ್ರು. ಟೇಪು ಬೆಲ್ಲದ ಪಾಕದಂಗೆ ಕರಗಿ ಅಂಟ್ಕೊಂಡಿತ್ತು, ತಾಮ್ರ ಕರ್ರಗಾಗಿತ್ತು, ಬಾಕ್ಸ್ ಮುಚ್ಚಳದ ಒಳಗಡೆ ಕಂದು ಕಲೆ. ಆ ಗಂಟಲ್ಲಿ ಸುಮಾರು 65 ವ್ಯಾಟ್ ಶಾಖ, ಒಂದು ಸೋಲ್ಡರಿಂಗ್ ಐರನ್ ಹಚ್ಚಿ ಬಾಕ್ಸೊಳಗೆ ಇಟ್ಟಂಗೆ. ಪಕ್ಕದಲ್ಲೇ ತೆಂಗಿನ ಗರಿ ಪೊರಕೆಗಳನ್ನ ಇಟ್ಟಿದ್ವಿ. ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ.

ಗೊತ್ತಿರೋ ಎಲೆಕ್ಟ್ರಿಷಿಯನ್ ಹುಡುಗನ್ನ ಕರ್ಸಿ 2.5 ಸ್ಕ್ವೇರ್ ಎಂಎಂ ಹೊಸ ವೈರ್, ಮಧ್ಯ ಜಾಯಿಂಟೇ ಇಲ್ದಂಗೆ ಎಳೆಸಿದೆ. ಈಗ ಬೋರ್ಡಲ್ಲಿ 206 ಇದ್ರೆ ಸಾಕೆಟ್ಟಲ್ಲಿ 203 ಸಿಗುತ್ತೆ. ಸಂಜೆ ಲೈನ್ ವೋಲ್ಟೇಜೇ ಕಮ್ಮಿ ಇರೋದಕ್ಕೆ ನಾನೇನೂ ಮಾಡಕ್ಕಾಗಲ್ಲ, ಬೆಳಗ್ಗೆ 228 ಇದ್ದಾಗ 20 ನಿಮಿಷಕ್ಕೆ ನೀರು ಚೆನ್ನಾಗಿ ಬಿಸಿ.

ಬಳಸೋರಿಗೆ ಒಂದೆರಡು ಮಾತು. ಕ್ಲಾಂಪೊಳಗೆ ಒಂದೇ ವೈರ್ ಇರಬೇಕು, ಫೇಸು ನ್ಯೂಟ್ರಲ್ಲು ಎರಡೂ ಸೇರಿಸಿ ಹಾಕಿದ್ರೆ ಒಂದರದ್ದು ಇನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತೆ, ಮೀಟರ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ತಗೊಂಡು ಹೋಗ್ಬೇಡಿ. ಸಣ್ಣ ಕರೆಂಟ್ ನೋಡ್ಬೇಕಾದ್ರೆ ಅದೇ ವೈರನ್ನ ದವಡೆಗೆ ಹತ್ತು ಸುತ್ತು ಸುತ್ತಿ, ಬಂದಿದ್ದನ್ನ ಹತ್ತರಿಂದ ಭಾಗಿಸಿ.

ಬೋರ್‌ವೆಲ್ ಮೋಟಾರಿಗೆ ಮಾತ್ರ ಈ ಭಾಗಾಕಾರ ನೇರವಾಗಿ ನಡೆಯಲ್ಲ ಕಣ್ರೀ. ನಮ್ದು 5 ಎಚ್‌ಪಿ ಸಬ್‌ಮರ್ಸಿಬಲ್, ಎರಡು ಫೇಸ್ ಮಧ್ಯ 4 ಓಮ್ ಆಸುಪಾಸು ಬಂತು, ಲೈನ್ 402 ವೋಲ್ಟ್, ಮಗಳ ಲೆಕ್ಕದಲ್ಲಿ 100 ಆಂಪ್ಸ್ ಹರೀಬೇಕು, ನೋಡಿದ್ರೆ 9.1. ಎಸಿ (ದಿಕ್ಕು ಬದಲಿಸ್ತಾ ಹರಿಯೋ ಕರೆಂಟ್) ಲೈನಲ್ಲಿ ಮೋಟಾರ್ ಸುರುಳಿಯ ಕಾಂತಕ್ಷೇತ್ರನೇ ಕರೆಂಟನ್ನ ತಡೆಯುತ್ತೆ, ಬರೀ ತಾಮ್ರದ ರೋಧ ಅಲ್ಲ. ಅಲ್ಲಿ ವೋಲ್ಟ್, ಆಂಪ್ಸ್, 1.732 (ಮೂರು ಫೇಸ್ ಲೆಕ್ಕಕ್ಕೆ ಬರೋ ಮೂರರ ವರ್ಗಮೂಲ), ಜೊತೆಗೆ ಪವರ್ ಫ್ಯಾಕ್ಟರ್ (ವೋಲ್ಟ್ ಆಂಪ್ಸ್ ಗುಣಿಸಿದ್ದರಲ್ಲಿ ನಿಜವಾಗಿ ವ್ಯಾಟ್ ಆಗೋ ಪಾಲು) ನಾಲ್ಕೂ ಗುಣಿಸ್ಬೇಕು, 0.8 ಅಂತ ಹಿಡಿದ್ರೆ ಐದು ಕಿಲೋವ್ಯಾಟ್ ಚಿಲ್ಲರೆ, ಗಂಟೆಗೆ ಐದು ಯೂನಿಟ್. ಮೂರೂ ಫೇಸಲ್ಲಿ ಆಂಪ್ಸ್ ಹೆಚ್ಚು ಕಮ್ಮಿ ಒಂದೇ ಇದೆಯಾ ಅಂತ ತಿಂಗಳಿಗೊಂದು ಸಲ ನೋಡ್ತೀನಿ, ನಂಗೆ ಈ ಮೀಟರಿಂದ ಈಗ ಆಗೋ ಉಪಯೋಗ ಅಂದ್ರೆ ಇದೇ.

ಕೊರತೆ ಅಂದ್ರೆ ಡಿಸಿ ಆಂಪ್ಸ್ ಅಳೆಯಲ್ಲ, ಸೋಲಾರ್ ಪ್ಯಾನಲ್ಲು ಯುಪಿಎಸ್ ಬ್ಯಾಟರಿ ಇಟ್ಕೊಂಡಿರೋರು ಸ್ವಲ್ಪ ಜಾಸ್ತಿ ಕೊಟ್ಟು ಎಸಿ ಡಿಸಿ ಎರಡೂ ಇರೋದೇ ತಗೊಳ್ಳಿ. ಎರಡು ಪ್ರೋಬ್ ಮುಟ್ಟಿಸಿದ್ರೂ 0.3 ಓಮ್ ತೋರಿಸುತ್ತೆ, ಅದನ್ನ ಕಳೀಬೇಕು. ಡಿಸ್‌ಪ್ಲೇ ಲೈಟ್ ಬೇಗ ಆಫ್ ಆಗುತ್ತೆ, ಅಟ್ಟದ ಮೇಲೆ ಕತ್ತಲಲ್ಲಿ ಮಗಳು ಮೊಬೈಲ್ ಟಾರ್ಚ್ ಹಿಡ್ಕೊಂಡು ನಿಲ್ಬೇಕಾಯ್ತು. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ.