ಕೆಟ್ಟಿಲ್ಲ, ಆದರೂ ವಾಪಸ್: ರಿಟರ್ನ್ ಸೌಲಭ್ಯದ ವಿಮರ್ಶೆ

ಆನ್‌ಲೈನ್ ಮಳಿಗೆಗಳ ‘ಇಷ್ಟವಾಗದಿದ್ದರೆ ವಾಪಸ್ ಕೊಡಿ’ ಸೌಲಭ್ಯ ನ್ಯಾಯವಾದದ್ದೇ. ಫೋಟೊ ನೋಡಿ ಕೊಂಡ ವಸ್ತು ಕೈಗೆ ಸಿಗುವುದೇ ಹಣ ಕೊಟ್ಟ ಮೇಲೆ. ಹಾಗಾಗಿ ಕೆಟ್ಟಿರದ ವಸ್ತುವನ್ನು ಹಿಂದಿರುಗಿಸುವುದು ತಪ್ಪಲ್ಲ. ಈ ಸೇವೆ ಹದಗೆಡುವುದು ಕಾರಣ ಆರಿಸುವ ಪಟ್ಟಿಯಲ್ಲಿ.

‘ದೋಷವಿದೆ’ ಎಂದು ಒತ್ತಿದರೆ ಸಾಗಣೆ ಖರ್ಚು ಮಾರಿದವರದು, ‘ಇಷ್ಟವಾಗಲಿಲ್ಲ’ ಎಂದರೆ ಹಲವು ಕಡೆ ಕೊಂಡವರದು. ಸುಳ್ಳು ಹೇಳಿದವರಿಗೇ ಲಾಭವಾಗುವಂಥ ಏರ್ಪಾಡು ಇದು. ಚೆನ್ನಾಗಿರುವ ಯಂತ್ರ ತಪಾಸಣೆಯ ಮೇಜಿಗೆ ಹೋಗಿ, ಅಲ್ಲಿ ಇಲ್ಲದ ದೋಷ ಹುಡುಕುವುದರಲ್ಲಿ ಕೆಲಸಗಾರರ ಹೊತ್ತು ಹಾಳು. ನಿಜವಾದ ದೂರು ತಯಾರಕರನ್ನು ಮುಟ್ಟುವುದೇ ಇಲ್ಲ.

ಇಯರ್‌ಬಡ್‌ಗಳನ್ನೇ ನೋಡಿ. ‘ಬಾಸ್ (ತಗ್ಗು ಸ್ವರದ ಗಡಸು ಸದ್ದು) ಇಲ್ಲ’ ಅಂದರೆ ಬಹಳ ಸಲ ರಬ್ಬರ್ ತುದಿ ಕಿವಿಯನ್ನು ಸರಿಯಾಗಿ ಮುಚ್ಚಿಲ್ಲವೆಂದೇ ಅರ್ಥ. ಡಬ್ಬಿಯಲ್ಲಿರುವ ಬೇರೆ ಅಳತೆಯದನ್ನು ಹಾಕಿ ನೋಡಬೇಕು. ಎಡ ಬಲ ಕಿವಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು. ಶಬ್ದ ತಡೆಯುವ ತಂತ್ರ ಫ್ಯಾನು, ಎಂಜಿನ್‌ಗಳ ಒಂದೇ ಸಮನೆಯ ಗುಂಯ್ ಸದ್ದನ್ನು ಚೆನ್ನಾಗಿ ಅಡಗಿಸುತ್ತದೆ, ಪಕ್ಕದವರ ಮಾತನ್ನು ಅಷ್ಟಾಗಿ ಅಡಗಿಸದು. ಹಾಡು ಕೇಳುವಾಗ ಚೆನ್ನಾಗಿದ್ದ ಧ್ವನಿ ಲ್ಯಾಪ್‌ಟಾಪ್ ಕರೆಯಲ್ಲಿ ಇದ್ದಕ್ಕಿದ್ದಂತೆ ಡಬ್ಬದೊಳಗಿಂದ ಬಂದಂತಾದರೆ, ಇಯರ್‌ಬಡ್‌ನ ಮೈಕ್ ಚಾಲೂ ಆಗಿ ಬ್ಲೂಟೂತ್ ಹ್ಯಾಂಡ್ಸ್‌ಫ್ರೀ ಪ್ರೊಫೈಲ್‌ಗೆ (ಧ್ವನಿಯ ಗುಣಮಟ್ಟ ತಗ್ಗುವ, ಕರೆಗೆಂದೇ ಇರುವ ವಿಧಾನಕ್ಕೆ) ಬದಲಾಗಿದೆ ಎಂದು ತಿಳಿಯಿರಿ. ಸೆಟ್ಟಿಂಗ್ಸ್‌ನಲ್ಲಿ ಲ್ಯಾಪ್‌ಟಾಪಿನದೇ ಮೈಕ್ ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇವು ಮೂರೂ ದೋಷಗಳಲ್ಲ. ಆದರೆ ಜಾಹೀರಾತು ‘ಸಂಪೂರ್ಣ ನಿಶ್ಶಬ್ದ’ ಎಂದು ಸಾರಿದ್ದರೆ ‘ವಿವರಣೆಗೆ ತಕ್ಕಂತಿಲ್ಲ’ ಎಂದು ನಮೂದಿಸುವುದಕ್ಕೆ ಸಂಕೋಚ ಬೇಡ. ಕಿವಿಯೊಳಗೆ ಇಡುವ ವಸ್ತುವಾದ್ದರಿಂದ ಸೀಲ್ ಒಡೆದರೆ ವಾಪಸ್ ಇಲ್ಲ ಎನ್ನುವ ಮಳಿಗೆಗಳಿವೆ. ಸೀಲ್ ಒಡೆಯುವ ಮುಂಚೆಯೇ ಷರತ್ತನ್ನು ಓದಿ.

ಎಷ್ಟು ಬಳಸಿ ನೋಡಬಹುದು? ಯುರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ ಅಳತೆಗೋಲು ಎಲ್ಲಿಗೂ ಒಪ್ಪುವಂಥದ್ದು. ಅಂಗಡಿಗೆ ಹೋಗದೆ ದೂರದಿಂದಲೇ ಕೊಂಡದ್ದನ್ನು ಕಾರಣ ಹೇಳದೆ ಹಿಂದಿರುಗಿಸಲು ಅಲ್ಲಿ 14 ದಿನ. ಅಂಗಡಿಯಲ್ಲಿ ನಿಂತು ಪರೀಕ್ಷಿಸುವಷ್ಟು ಮಾತ್ರ ಬಳಕೆ. ಅದನ್ನು ಮೀರಿ ಬಳಸಿ ವಸ್ತುವಿನ ಬೆಲೆ ಇಳಿದರೆ ಆ ನಷ್ಟ ಕೊಂಡವರ ತಲೆಗೆ. ಅಂಗಿ ತೊಟ್ಟು ನೋಡಬಹುದು, ಮದುವೆಗೆ ಹಾಕಿಕೊಂಡು ಹೋಗಿ ಬಂದು ಮಡಚಿ ಕಳಿಸುವುದು ಸಲ್ಲದು. (ಹಾಗೆ ಮಾಡುವವರು ಟ್ಯಾಗನ್ನು ಕತ್ತರಿಸದೆ ಒಳಗೆ ಮಡಚಿಟ್ಟುಕೊಳ್ಳುತ್ತಾರೆ, ಬೆವರಿನ ವಾಸನೆ ಮಡಚಿಡಲು ಬರುವುದಿಲ್ಲ.)

ಇಂಕ್‌ಜೆಟ್ ಪ್ರಿಂಟರ್‌ಗೆ ಈ ಅಳತೆಗೋಲು ಹಿಡಿಸುವುದಿಲ್ಲ. ಮೊದಲ ಸಲ ಚಾಲೂ ಮಾಡಿದಾಗಲೇ ನಳಿಕೆ ತುಂಬಿಸಲು ಶಾಯಿ ಖರ್ಚಾಗುತ್ತದೆ, ಮತ್ತೆ ಅದನ್ನು ಹೊಸದೆಂದು ಮಾರುವಂತಿಲ್ಲ. ಗಾತ್ರ, ಕಾರ್ಟ್ರಿಜ್ ಬೆಲೆ, ಎರಡು ಬದಿ ಮುದ್ರಣ ಇದೆಯೇ ಎಂಬುದನ್ನೆಲ್ಲ ಟೇಪ್ ಕೀಳುವ ಮುನ್ನವೇ ನೋಡಿಕೊಳ್ಳಬೇಕು. ಕಂಪ್ಯೂಟರಿನ ಕಡತಗಳನ್ನು ಕೂಡಿಡುವ ಎಸ್‌ಎಸ್‌ಡಿಯೂ ಚಾಲೂ ಇದ್ದ ಗಂಟೆಗಳನ್ನು ತಾನೇ ದಾಖಲಿಸಿಕೊಳ್ಳುತ್ತದೆ. ‘ಬಳಸಿಯೇ ಇಲ್ಲ’ ಎಂಬ ಮಾತು ಅಲ್ಲಿ ನಡೆಯದು.

ಕಳಿಸುವಾಗ ಫೋನ್, ಟ್ಯಾಬ್ಲೆಟ್‌ಗಳಿಂದ ಮೊದಲು ಖಾತೆ ತೆಗೆದು, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಖಾತೆ ಉಳಿದರೆ ಲಾಕ್ ಬಿದ್ದು ಯಂತ್ರ ಯಾರ ಉಪಯೋಗಕ್ಕೂ ಬಾರದು. ಕೇಬಲ್, ಕೈಪಿಡಿ, ಬಳಸದ ರಬ್ಬರ್ ತುದಿಗಳು ಎಲ್ಲವೂ ಒಳಗಿರಲಿ. ಸೀರಿಯಲ್ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಳ್ಳಿ. ವಿಳಾಸದ ಚೀಟಿಯನ್ನು ಕಂಪನಿಯ ಡಬ್ಬಿಗೆ ಅಂಟಿಸದೆ ಹೊರಪೆಟ್ಟಿಗೆಗೆ ಅಂಟಿಸಿ. ಷರಾ ಬರೆಯಲು ಜಾಗವಿದ್ದರೆ ‘ಕೆಲಸ ಮಾಡುತ್ತದೆ, ಚಿಕ್ಕ ತುದಿಯೂ ಕಿವಿಗೆ ದೊಡ್ಡದಾಯಿತು’ ಎಂಬ ಒಂದು ಸಾಲು ಸಾಕು.