ಹೆರಾಲ್ಡ್ ಕಾರಿನ ಬಣ್ಣ, ತುಕ್ಕು ತೆಗೆದ ಮೂರು ವಿಧಾನಗಳು

ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳ ಪೈಕಿ ಎರಡು ಬಾಗಿಲಿನವು ಈಗ ಬೆಂಗಳೂರಿನಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ಅಂಥದೊಂದನ್ನು ಬಸವನಗುಡಿಯ ನಮ್ಮ ಮನೆಯ ಷೆಡ್ಡಿನಲ್ಲಿ ಪೂರ್ತಿ ಬಿಚ್ಚಿದ್ದೇನೆ. ಅಂಬಾಸಿಡರಿನಲ್ಲಿ ಬಾಡಿಯೇ ಚೌಕಟ್ಟು, ಇದರಲ್ಲಿ ಹಾಗಲ್ಲ. ಪ್ರತ್ಯೇಕ ಚಾಸಿಯ ಮೇಲೆ ಭಾಗಗಳನ್ನು ಬೋಲ್ಟು ಹಾಕಿ ಕೂರಿಸಿರುವುದರಿಂದ, ಒಂದೊಂದು ಭಾಗದ ಮೇಲೆ ಒಂದೊಂದು ವಿಧಾನವನ್ನು ಪ್ರಯೋಗಿಸಿ ನೋಡುವ ಅವಕಾಶ ಸಿಕ್ಕಿತು.

ಚಾಸಿಯನ್ನು ಪೀಣ್ಯದ ಒಂದು ಘಟಕದಲ್ಲಿ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿಸಿದೆ. ದಪ್ಪ ಉಕ್ಕಿಗೆ ಇದನ್ನು ಮೀರಿಸುವ ವಿಧಾನವಿಲ್ಲ. ವೆಲ್ಡಿಂಗ್ ಸಂದುಗಳ ತುಕ್ಕೂ ಒಂದೇ ಮಧ್ಯಾಹ್ನದಲ್ಲಿ ಹೋಗಿ, ಬಣ್ಣದಡಿ ಅಡಗಿದ್ದ ತೂತುಗಳೆಲ್ಲ ಬಯಲಾದವು. ಆ ಉತ್ಸಾಹದಲ್ಲಿ ಡಿಕ್ಕಿಯ ಮುಚ್ಚಳವನ್ನೂ ಕೊಟ್ಟದ್ದು ನನ್ನ ತಪ್ಪು. ರಭಸದಿಂದ ಬಡಿಯುವ ಮರಳು ತೆಳು ತಗಡಿನ ಒಂದು ಮೈಯನ್ನು ಮಾತ್ರ ಹಿಗ್ಗಿಸುವುದರಿಂದ ತಗಡು ಸೊಟ್ಟಗಾಗುತ್ತದೆ ಎಂಬುದನ್ನು ಕೆಲಸದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲೆಯಲೆಯಾಗಿ ಮರಳಿ ಬಂದ ಆ ಮುಚ್ಚಳವನ್ನು ಟಿಂಕರಿಂಗ್ ಮಾಡುವವರು ನಾಲ್ಕು ದಿನ ಬಡಿದರೂ ಹಳೆಯ ನಯ ಬರಲಿಲ್ಲ. ಚಾಸಿಯ ಪೊಳ್ಳು ಭಾಗಗಳಿಂದಲಂತೂ ಈಗಲೂ ತಟ್ಟಿದಾಗಲೆಲ್ಲ ಮರಳು ಸುರಿಯುತ್ತದೆ.

ಬಾನೆಟ್ಟಿಗೆ ಮತ್ತು ಎಡಬಾಗಿಲಿಗೆ ಜೆ.ಸಿ. ರಸ್ತೆಯಲ್ಲಿ ಕೊಂಡ ಪೇಂಟ್ ರಿಮೂವರ್ ಹಚ್ಚಿದೆ. ಹಚ್ಚಿದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿಟ್ಟರೆ ಅದು ಬೇಗ ಆರದೆ, ಪದರದ ಮೇಲೆ ಪದರವಾಗಿದ್ದ ಹಳೆಯ ಬಣ್ಣ ಉಬ್ಬಿ ಏಳುತ್ತದೆ. ತಗಡಿಗೆ ಏನೂ ಆಗುವುದಿಲ್ಲ. ಆದರೆ ತುಕ್ಕು ಇದ್ದಲ್ಲಿಯೇ ಉಳಿಯುತ್ತದೆ, ಚರ್ಮ ಉರಿಯುತ್ತದೆ, ಮುಚ್ಚಿದ ಷೆಡ್ಡಿನಲ್ಲಿ ಅದರ ಆವಿ ಅಪಾಯಕಾರಿ. ಬಾಗಿಲಿನ ಮಡಿಕೆಗಳಲ್ಲಿ ಸಿಕ್ಕಿಕೊಂಡ ರಿಮೂವರನ್ನು ತೊಳೆದು ತೆಗೆಯದಿದ್ದರೆ ಮುಂದೆ ಹೊಸ ಬಣ್ಣವೇ ಗುಳ್ಳೆಯೇಳುತ್ತದೆ. ಇಷ್ಟೆಲ್ಲ ಇದ್ದರೂ ಹೊರಮೈ ತಗಡಿಗೆ ನನ್ನ ಆಯ್ಕೆ ಇದೇ.

ಕೀಲು, ಬ್ರಾಕೆಟ್ಟುಗಳಂಥ ಸಣ್ಣ ಭಾಗಗಳಿಗೆ ವಾಷಿಂಗ್ ಸೋಡಾ ಕಲಸಿದ ನೀರಿನ ಬಕೆಟ್ಟು ಮತ್ತು 12 ವೋಲ್ಟಿನ ಬ್ಯಾಟರಿ ಚಾರ್ಜರ್ ಸಾಕಾದವು. ಋಣ ತಂತಿಯನ್ನು ಭಾಗಕ್ಕೂ ಧನ ತಂತಿಯನ್ನು ಗುಜರಿಯ ಕಬ್ಬಿಣದ ತುಂಡಿಗೂ ಸಿಕ್ಕಿಸಿ ರಾತ್ರಿಯಿಡೀ ಬಿಟ್ಟರೆ ತುಕ್ಕು ಕಪ್ಪು ಕೆಸರಾಗಿ ಸಡಿಲಗೊಂಡು, ಬ್ರಷ್ಷಿನಿಂದ ಉಜ್ಜಿದರೆ ಉದುರುತ್ತದೆ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಬಾರದು, ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಹೊಮ್ಮುವ ಜಲಜನಕದ ದೆಸೆಯಿಂದ ಬಕೆಟ್ಟನ್ನು ಅಂಗಳದಲ್ಲಿಯೇ ಇಟ್ಟಿದ್ದೆ. ಖರ್ಚಿನಲ್ಲಿ ಇದಕ್ಕಿಂತ ಅಗ್ಗದ್ದಿಲ್ಲವಾದರೂ ಬಾಗಿಲು ಮುಳುಗುವಷ್ಟು ದೊಡ್ಡ ತೊಟ್ಟಿ ನಮ್ಮಲ್ಲೆಲ್ಲಿದೆ!

ಉಪ್ಪುಕಾಗದದಿಂದ ಕೈಯಲ್ಲೇ ಉಜ್ಜುವುದನ್ನೂ ಒಂದು ಭಾನುವಾರ ಮಾಡಿ ನೋಡಿ, ಭುಜ ಹಿಡಿದುಕೊಂಡ ಮೇಲೆ ಕೈಬಿಟ್ಟೆ.

ಬರಿಮೈಯಾದ ಉಕ್ಕು ಮಳೆಗಾಲದ ತೇವಕ್ಕೆ ಒಂದೇ ರಾತ್ರಿಯಲ್ಲಿ ಕೆಂಪಾಗುವುದನ್ನು ಬಾನೆಟ್ಟಿನ ಮೇಲೆ ಕಂಡಿದ್ದೇನೆ. ಆದ್ದರಿಂದ ಬಲಬಾಗಿಲಿಗೆ ಫೆಬ್ರವರಿಯಲ್ಲಿ ರಿಮೂವರ್ ಹಚ್ಚಿ, ಅದೇ ಸಂಜೆ ಎಪಾಕ್ಸಿ ಪ್ರೈಮರ್ ಹೊಡೆಯುವುದೆಂದು ಗೊತ್ತುಮಾಡಿಕೊಂಡಿದ್ದೇನೆ.