ಹೆಸರು 1050 ಟಿಐ, ಒಳಗಿದ್ದದ್ದು 2011ರ ಕಾರ್ಡ್: ದಯವಿಟ್ಟು ನೋಡಿ ಕೊಳ್ಳಿ

ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಟವರು ಮೊದಲು ಇದನ್ನು ಓದಿ. ಅದರಲ್ಲೂ ಎನ್ವಿಡಿಯಾ ಕಂಪನಿಯ ಜಿಟಿಎಕ್ಸ್ 1050 ಟಿಐ ಕಾರ್ಡ್ ಹುಡುಕುತ್ತಿರುವವರು. ನನಗೆ 6,500 ರೂಪಾಯಿಗೆ ನಕಲಿ ಕಾರ್ಡ್ ಕಟ್ಟಿದ್ದಾರೆ. ಹಣ ವಾಪಸ್ ಬಂದಿಲ್ಲ. ಹಣ ಹೋದದ್ದು ಒಂದು ಕಡೆ, ಅಂಗಡಿಯವನು ಮಾತಾಡಿದ ರೀತಿ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

1050 ಟಿಐ ಬಂದದ್ದು 2016ರಲ್ಲಿ. ಹಳೆಯದು, ಗೊತ್ತು. ಆದರೂ ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ಎನ್ವಿಡಿಯಾ ಇದಕ್ಕಿಂತ ಒಳ್ಳೆಯ ಕಾರ್ಡ್ ಕೊಟ್ಟಿಲ್ಲ ಅಂತಲೇ ನಾನು ಹೇಳುತ್ತೇನೆ. 75 ವ್ಯಾಟ್ ಸಾಕು. ಹೆಚ್ಚಿನ ಮಾಡೆಲ್‌ಗಳಿಗೆ ಬೇರೆ ಪವರ್ ಕೇಬಲ್ ಬೇಡ, ಮದರ್‌ಬೋರ್ಡ್‌ನಲ್ಲಿ ಕಾರ್ಡ್ ಕೂರಿಸುವ ಸ್ಲಾಟ್‌ನಿಂದ ಬರುವ ಕರೆಂಟ್‌ನಲ್ಲೇ ಓಡುತ್ತದೆ. ಆಫೀಸಿನವರು ಮಾರಿದ ಹಳೇ ಡೆಸ್ಕ್‌ಟಾಪ್‌ಗೂ ಹಾಕಬಹುದು. ಗೆಳೆಯನ ಮನೆಯಲ್ಲಿ ಇದೇ ಕಾರ್ಡ್‌ನಲ್ಲಿ ವಿಚರ್ 3 ಆಡಿದ್ದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಗೇಮ್ ಅದು. ಮೀಡಿಯಂ ಸೆಟ್ಟಿಂಗ್‌ನಲ್ಲಿ ಎಷ್ಟು ಚೆನ್ನಾಗಿ ಓಡುತ್ತಿತ್ತು! ಅದಕ್ಕೇ ಇದೇ ಬೇಕು ಅಂತ ಹೋದೆ.

ಕಂಪ್ಯೂಟರ್ ಬಿಡಿಭಾಗಗಳಿಗೆ ಹೆಸರಾದ ಬೆಂಗಳೂರಿನ ಎಸ್‌ಪಿ ರೋಡ್, ಒಳಗಲ್ಲಿಯ ಒಂದು ಅಂಗಡಿ. ಆ ರಸ್ತೆಯಲ್ಲಿ ನಿಯತ್ತಾಗಿ ವ್ಯಾಪಾರ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಅವರ ಮೇಲೆ ನನ್ನ ತಕರಾರಿಲ್ಲ. ನಾನು ಸಿಪಿಯು ಹೊತ್ತುಕೊಂಡೇ ಹೋಗಿದ್ದೆ. ಅಂಗಡಿಯವನೇ ಕಾರ್ಡ್ ಹಾಕಿ, ಅದನ್ನು ಓಡಿಸುವ ಸಾಫ್ಟ್‌ವೇರ್ ಅಂದರೆ ಡ್ರೈವರ್ ಹಾಕಿ, ವಿಂಡೋಸ್‌ನ ಡಿವೈಸ್ ಮ್ಯಾನೇಜರ್, ಡಿಸ್‌ಪ್ಲೇ ಸೆಟ್ಟಿಂಗ್ ಎರಡನ್ನೂ ತೆರೆದು ತೋರಿಸಿದ. "ನೋಡಿ ಸಾರ್, 1050 ಟಿಐ, 4 ಜಿಬಿ. ಕಣ್ಣೆದುರಿಗೇ ಇದೆಯಲ್ಲ." ಗೇಮ್ ಹಾಕಿ ತೋರಿಸಿ ಎಂದೆ. "ಇಲ್ಲಿ ಗೇಮ್ ಎಲ್ಲಿಂದ ತರೋದು ಸಾರ್, ಒಂದು ವಾರ ಟೆಸ್ಟಿಂಗ್ ವಾರಂಟಿ ಕೊಡ್ತೀನಲ್ಲ." ಬಿಲ್ ಕೇಳಿದರೆ, "ಬಿಲ್ ಬೇಕಂದ್ರೆ ಜಿಎಸ್‌ಟಿ 18% ಜಾಸ್ತಿ ಆಗುತ್ತೆ." ಹೊರಡುವಾಗ ಇನ್ನೊಂದು ಮಾತು ಸೇರಿಸಿದ. "ಡ್ರೈವರ್ ಮಾತ್ರ ಅಪ್‌ಡೇಟ್ ಮಾಡ್ಬೇಡಿ ಸಾರ್, ನಾನು ಹಾಕಿರೋದೇ ಬೆಸ್ಟ್."

ಯಾಕೆ ಹಾಗೆ ಹೇಳಿದ ಅಂತ ಮನೆಗೆ ಬಂದ ಮೇಲೆ ಗೊತ್ತಾಯಿತು. ವಿಚರ್ 3 ತೆವಳಿತು. ಸ್ವಲ್ಪ ಹೊತ್ತಿಗೆ ಸ್ಕ್ರೀನ್ ತುಂಬಾ ಬಣ್ಣದ ಗೆರೆಗಳು, ಆಮೇಲೆ ಪೂರ್ತಿ ಕಪ್ಪು. ಡೂಮ್ ಇಟರ್ನಲ್ ಅಂತೂ ಶುರುವೇ ಆಗಲಿಲ್ಲ. ಅದಕ್ಕೆ ವಲ್ಕನ್ ಬೇಕು, ಅಂದರೆ ಗೇಮ್ ಕಾರ್ಡ್ ಜೊತೆ ಮಾತಾಡುವ ಒಂದು ಸಾಫ್ಟ್‌ವೇರ್ ವ್ಯವಸ್ಥೆ. ನಿಜವಾದ 1050 ಟಿಐಯಲ್ಲಿ ವಲ್ಕನ್ ಇದೆ.

ಕಾರ್ಡ್ ಒಳಗೆ ನಿಜಕ್ಕೂ ಏನಿದೆ ಅಂತ ತೋರಿಸುವ ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ಹಾಕಿದೆ. ಪಕ್ಕದಲ್ಲಿ ಕೂತಿದ್ದ ತಮ್ಮ ಹೇಳಿದ, "ಅಣ್ಣಾ, ಹೆಸರಿನ ಮುಂದೆ ಫೇಕ್ ಅಂತ ಬರೆದಿದೆಯಲ್ಲಾ." ಅವನಿಗೇ ಅಂತ ತಂದ ಕಾರ್ಡ್. ಏನು ಹೇಳಬೇಕೋ ತಿಳಿಯಲಿಲ್ಲ, ಮುಖ ಬಿಸಿಯಾಯಿತು. ಚಿಪ್ ಜಿಎಫ್116, ಕೋರ್ (ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕ) 192. ನಿಜವಾದ 1050 ಟಿಐಯಲ್ಲಿ ಜಿಪಿ107 ಚಿಪ್, 768 ಕೋರ್ ಇರುತ್ತವೆ. ಅಂದರೆ ಇದು 2011ರ ಜಿಟಿಎಕ್ಸ್ 550 ಟಿಐ! ಕಾರ್ಡ್‌ನ ಬಯಾಸ್, ಅಂದರೆ ಅದರೊಳಗಿನ ಮೂಲ ಸಾಫ್ಟ್‌ವೇರ್, ತಿದ್ದಿ ಹೊಸ ಹೆಸರು, ಇಲ್ಲದ 4 ಜಿಬಿ ಮೆಮೊರಿ ಎರಡನ್ನೂ ಬರೆದಿದ್ದಾರೆ. ವಿಂಡೋಸ್ ಬಯಾಸ್ ಮತ್ತು ಡ್ರೈವರ್ ಹೇಳಿದ್ದನ್ನೇ ತೋರಿಸುತ್ತದೆ. ಡ್ರೈವರ್ ಬದಲಾದರೆ ಬಣ್ಣ ಬಯಲಾಗಬಹುದು, ಅದಕ್ಕೇ ಅಪ್‌ಡೇಟ್ ಬೇಡ ಅಂದದ್ದು. ಇಲ್ಲದ ಮೆಮೊರಿಯನ್ನು ಗೇಮ್ ಕೇಳಿದಾಗ ಎಲ್ಲ ಕುಸಿಯುತ್ತದೆ.

ಮರುದಿನವೇ ಹೋದೆ. ಅವನ ಉತ್ತರ ಕೇಳಿ. ಮೊದಲು "ಆ ಸಾಫ್ಟ್‌ವೇರ್ ಸರಿ ಇಲ್ಲ." ಆಮೇಲೆ "ನಿಮ್ಮ ಎಸ್‌ಎಂಪಿಎಸ್ (ಪವರ್ ಸಪ್ಲೈ) ವೀಕು." ಆಮೇಲೆ "ಇದು ಚೈನಾ ಎಡಿಷನ್, ಹಂಗೇ ತೋರಿಸೋದು." ಟೆಸ್ಟಿಂಗ್ ವಾರಂಟಿ ಎಲ್ಲಿ ಎಂದರೆ, "ಡಿಸ್‌ಪ್ಲೇ ಬರ್ತಿದೆ ಅಲ್ವಾ? ಮತ್ತೆ ಕಾರ್ಡ್ ಚೆನ್ನಾಗೇ ಇದೆ." ನಾನು ಬಿಡಲಿಲ್ಲ, ಜೋರು ಮಾಡಿದೆ. ಆಗ ಅಂದ, "ಈ ರೇಟಿಗೆ ಇನ್ನೇನ್ ಬರುತ್ತೆ ಅಂದ್ಕೊಂಡ್ರಿ?" ಅಂದರೆ ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟ. ಅಂಗಡಿಯಲ್ಲಿ ನಿಂತಿದ್ದ ಬೇರೆ ಗಿರಾಕಿಗಳ ಮುಂದೆ, ನನಗೇ ಕಂಪ್ಯೂಟರ್ ತಿಳಿಯದು ಅನ್ನೋ ಹಾಗೆ ನಗುತ್ತಾ ಹೇಳಿದ.

ಪೆನ್‌ಡ್ರೈವ್‌ನಲ್ಲಿ ಜಿಪಿಯು-ಝಡ್ ಹಾಕಿಕೊಂಡು ಹೋಗಿ. ಹಣ ಕೊಡುವ ಮೊದಲೇ, ಅವನ ಎದುರಿಗೇ ಓಡಿಸಿ. ಬೇಡ ಅಂದರೆ ಎದ್ದು ಬನ್ನಿ. ಕಾರ್ಡ್ ಹಿಂದೆ ಹಳೇ ಮಾನಿಟರ್ ಕೇಬಲ್ ಹಾಕುವ ನೀಲಿ ವಿಜಿಎ ಪೋರ್ಟ್ ಇದ್ದರೆ ಅನುಮಾನ ಪಡಿ, 1050 ಟಿಐ ಚಿಪ್ ನೇರವಾಗಿ ವಿಜಿಎ ಕೊಡುವುದಿಲ್ಲ. ನನ್ನ ಕಾರ್ಡ್‌ನಲ್ಲಿ ಅದು ಇತ್ತು. ಬೇರೆ ಪವರ್ ಕೇಬಲ್ ಹಾಕುವ 6 ಪಿನ್ ಸಾಕೆಟ್ ಕೂಡ ಇತ್ತು, ಅದಕ್ಕೆ ಕನ್ವರ್ಟರ್ ಕೇಬಲ್ ಫ್ರೀ ಅಂತ ಕೊಟ್ಟ. ಅಸಲಿಯಲ್ಲೂ ಕೆಲವು ಮಾಡೆಲ್‌ಗಳಿಗೆ 6 ಪಿನ್ ಇರುತ್ತದೆ, ಹಾಗಾಗಿ ಬರೀ ಅದನ್ನೇ ನೋಡಬೇಡಿ. ಡ್ರೈವರ್ ಅಪ್‌ಡೇಟ್ ಮಾಡಬೇಡಿ ಅಂದರೆ ಅಲ್ಲೇ ವ್ಯಾಪಾರ ನಿಲ್ಲಿಸಿ.

18% ಹೋದರೂ ಪರವಾಗಿಲ್ಲ, ಬಿಲ್ ತಗೊಳ್ಳಿ. ಗ್ರಾಹಕರ ಸಹಾಯವಾಣಿ 1915ಕ್ಕೆ ನಾನು ದೂರು ಕೊಟ್ಟಿದ್ದೇನೆ. ಆದರೆ ತೋರಿಸಲು ನನ್ನ ಹತ್ತಿರ ಇರುವುದು ಯುಪಿಐ ಸ್ಕ್ರೀನ್‌ಶಾಟ್ ಒಂದೇ. ಅದರಲ್ಲೂ ಅಂಗಡಿಯ ಹೆಸರಿಲ್ಲ, ಯಾರದೋ ಹೆಸರಿದೆ.